ಆಯ್ಕೆಯ ವಿವೇಕ

ಬಿತ್ತನೆಗೆ ತಕ್ಕ ಕಾಳನ್ನು ಆರಿಸಿ, ಜೊಳ್ಳನ್ನು ತೂರಿ ಬಿಡುವುದು ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯ ರೈತನಿಗೆ ಹಿರಿಯರಿಂದ ಬಂದ ವಿದ್ಯೆ. ಯಾವುದನ್ನು ಕೈಗೆತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಈ ವಿವೇಚನೆಯೇ ಗಣಕಯಂತ್ರದಲ್ಲಿ ಛಾಯಾಚಿತ್ರಗಳನ್ನು ತಿದ್ದುವ ಕಲೆಗೂ ತಳಹದಿಯಾಗಿದೆ. ಇದಕ್ಕೆ 'ಆಯ್ಕೆ' ಎಂದು ಹೆಸರು.

ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಸೋದರರು ರೂಪಿಸಿದ ಫೋಟೋಶಾಪ್ ತಂತ್ರಾಂಶವು 1990ರಲ್ಲಿ ಮಾರುಕಟ್ಟೆಗೆ ಬಂದಿತು. ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶವು 1996ರಲ್ಲಿ ಪ್ರಕಟವಾಯಿತು. ಇವೆರಡರಲ್ಲಿಯೂ ಆಯ್ಕೆಯ ತತ್ತ್ವ ಒಂದೇ.

ಸೂಡಿಯ ಜೋಡುಕಳಶದ ಗುಡಿಯ ಚಿತ್ರವೊಂದನ್ನು ತೆಗೆದುಕೊಳ್ಳೋಣ. ನಮ್ಮ ಕಣ್ಣಿಗೆ ಅಲ್ಲಿ ಎರಡು ಶಿಖರಗಳೂ ಅವುಗಳ ಹಿಂದೆ ಆಕಾಶವೂ ಕಾಣುತ್ತವೆ. ಗಣಕಕ್ಕಾದರೋ ಗುಡಿಯೂ ಇಲ್ಲ, ಆಕಾಶವೂ ಇಲ್ಲ; ಇರುವುವು ಪಿಕ್ಸೆಲ್ ಎಂಬ ಅಸಂಖ್ಯ ಬಿಂದುಗಳು ಮಾತ್ರ. ಕಪ್ಪು ಬಿಳುಪಿನ ಚಿತ್ರದಲ್ಲಿ ಒಂದೊಂದು ಬಿಂದುವಿನ ಬೆಳಕನ್ನೂ ಸಾಮಾನ್ಯವಾಗಿ 0ಯಿಂದ 255ರ ವರೆಗಿನ ಅಂಕಿಯಿಂದ ಗುರುತಿಸಲಾಗುತ್ತದೆ.

ಮಬ್ಬಾದ ಶಿಖರಗಳನ್ನಷ್ಟೇ ಬೆಳಗಿಸಬೇಕೆಂದಿರಲಿ. ಆಯತಾಕಾರದ ಆಯ್ಕೆಯು ಶಿಖರದೊಡನೆ ಆಕಾಶವನ್ನೂ ಹಿಡಿಯುತ್ತದೆ. ಕೈಯಿಂದ ಅಂಚನ್ನು ಬಳಸಿ ಗೆರೆ ಎಳೆಯಬಹುದು. ಆದರೆ ಅದು ತಾಳ್ಮೆಯ ಕೆಲಸ. ಸುಲಭವಾದ ಉಪಾಯವೆಂದರೆ ಮೊದಲು ಆಕಾಶವನ್ನು ಆರಿಸಿ, ಬಳಿಕ ಆಯ್ಕೆಯನ್ನು ತಿರುವುಮುರುವು ಮಾಡುವುದು. ಇದಕ್ಕೆ 'ಮಾಂತ್ರಿಕ ದಂಡ'ವೆಂಬ ಸಾಧನವಿದೆ. ಆಕಾಶದಲ್ಲಿ ಮುಟ್ಟಿದ ಬಿಂದುವಿನ ಅಂಕಿ 210, ನಾವು ಕೊಟ್ಟ ಸಡಿಲಿಕೆ 20 ಆಗಿದ್ದರೆ, ಅದಕ್ಕೆ ಹೊಂದಿಕೊಂಡಿರುವ 190ರಿಂದ 230ರ ವರೆಗಿನ ಬಿಂದುಗಳೆಲ್ಲವೂ ಆಯ್ಕೆಯಾಗುತ್ತವೆ. ಬಿಸಿಲು ಬಿದ್ದ ಶಿಖರದ ಅಂಚು 195 ಇದ್ದರೆ ಅದೂ ಆಕಾಶಕ್ಕೆ ಸೇರಿಹೋಗುತ್ತದೆ! ಸಡಿಲಿಕೆಯನ್ನು 10ಕ್ಕೆ ಇಳಿಸಿದರೆ ಅಂಚು ಉಳಿಯುತ್ತದೆ. ಬಿಟ್ಟುಹೋದ ಆಕಾಶದ ತುಣುಕುಗಳನ್ನು ಅನಂತರ ಕೂಡಿಸಿಕೊಳ್ಳಬಹುದು.

ಆಯ್ಕೆಯ ಅಂಚು ಗರಗಸದಂತೆ ಒರಟಾಗದಿರಲು ಅದನ್ನು ಮೃದುಗೊಳಿಸುವುದುಂಟು. ಆಗ ಅಂಚಿನ ಬಿಂದುಗಳು ಭಾಗಶಃ ಮಾತ್ರ ಆಯ್ಕೆಯಾಗುತ್ತವೆ. ಬೆಳಕನ್ನು 40ರಷ್ಟು ಹೆಚ್ಚಿಸಿದರೆ, ಅರ್ಧ ಆಯ್ಕೆಯಾದ ಬಿಂದುವಿಗೆ 20 ಮಾತ್ರ ಸಲ್ಲುತ್ತದೆ.

ಇಂತಹ ಸಾಮರ್ಥ್ಯವು ಹೊಣೆಯನ್ನೂ ತರುತ್ತದೆ. ಸೂಡಿಯಲ್ಲಿ ಹನ್ನೊಂದನೆಯ ಶತಮಾನದ ಶಾಸನಗಳಿವೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯು ಕಿಸುಕಾಡು ನಾಡನ್ನು ಆಳಿದಳೆಂಬುದು ನಮಗೆ ತಿಳಿದಿರುವುದು ಶಾಸನಗಳಿಂದಲೇ. ಸವೆದ ಶಾಸನದ ಚಿತ್ರದಲ್ಲಿ ಒಂದು ಸಾಲನ್ನು ಆರಿಸಿ, ನೆರಳು ಬೆಳಕುಗಳ ಅಂತರವನ್ನು ಹೆಚ್ಚಿಸಿದರೆ ಮಸುಕಾದ ಅಕ್ಷರ ಓದಲು ಬಂದೀತು. ಇದು ಸೇವೆ. ಆದರೆ ಬೇರೆ ಸಾಲಿನ ಅಕ್ಷರವನ್ನು ಆರಿಸಿ ತಂದು ಒಡೆದ ಜಾಗದಲ್ಲಿ ಕೂರಿಸಿದರೆ? ದಾನಿಯ ಹೆಸರೋ ದತ್ತಿಯ ಭೂಮಿಯ ಅಳತೆಯೋ ಬದಲಾಗಿ, ಕಲ್ಲು ಹೇಳದ ಮಾತನ್ನು ಚಿತ್ರ ಹೇಳತೊಡಗುತ್ತದೆ.

ಶಾಸನತಜ್ಞರು ತಾವು ಊಹಿಸಿ ತುಂಬಿದ ಅಕ್ಷರಗಳನ್ನು ಆವರಣ ಚಿಹ್ನೆಯೊಳಗೆ ಮುದ್ರಿಸುತ್ತಾರೆ. ಅದೇ ನಿಯಮ ಚಿತ್ರಕ್ಕೂ ಸಲ್ಲಬೇಕು. ಮೂಲಚಿತ್ರವನ್ನು ಹಾಗೆಯೇ ಕಾಪಾಡಿ, ಪ್ರತಿಯ ಮೇಲೆ ಕೆಲಸ ಮಾಡಿ, ತಿದ್ದಿದ್ದನ್ನು ತಿದ್ದಿದ್ದೆಂದೇ ತಿಳಿಸುವುದು ನೋಡುವವರಿಗೂ ಇತಿಹಾಸಕ್ಕೂ ನಾವು ಸಲ್ಲಿಸಬೇಕಾದ ನ್ಯಾಯವಾಗಿದೆ.