ಮನೆಯ ರೌಟರು ಮುನಿಯುವುದೇಕೆ?

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯು ಇಂದು ಅಲ್ಲಿನ ಕೈಗಾರಿಕಾ ಪ್ರದೇಶದಿಂದಾಗಿ ಹೆಸರು ಪಡೆದಿರುವ ಊರು. ನಾವು ವಾಸವಾಗಿರುವ ಈ ಊರಿನ ಅನೇಕ ಮನೆಗಳ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿಯೋ ಟೀವಿಯ ಹಿಂದೆಯೋ, ಹಸಿರು ದೀಪಗಳನ್ನು ಮಿನುಗಿಸುತ್ತಿರುವ ಪುಟ್ಟ ಪೆಟ್ಟಿಗೆಯೊಂದು ಕಾಣುತ್ತದೆ. ಅದೇ ರೌಟರು. ಹೊರಗಿನಿಂದ ತಂತಿಯಲ್ಲಿಯೋ ಗಾಜಿನ ಎಳೆಯಲ್ಲಿಯೋ ಬರುವ ಸಂಕೇತಗಳನ್ನು ಮನೆಯೊಳಗಿನ ಫೋನು, ಗಣಕಯಂತ್ರ ಮೊದಲಾದವುಗಳಿಗೆ ಹಂಚಿಕೊಡುವುದು ಅದರ ಕೆಲಸ.

ಈ ಪೆಟ್ಟಿಗೆಯು ಒಮ್ಮೊಮ್ಮೆ ವಿಚಿತ್ರವಾಗಿ ವರ್ತಿಸುತ್ತದೆ. ರಾತ್ರಿ ಮಲಗುವಾಗ ಸರಿಯಾಗಿದ್ದ ರೌಟರು ಬೆಳಗಾಗುವಷ್ಟರಲ್ಲಿ ಕೆಂಪು ದೀಪ ತೋರಿಸುತ್ತಾ ಮುನಿದು ಕೂತಿರುತ್ತದೆ. ಆ ದಿನವೇ ಮನೆಯ ಹುಡುಗಿಯು ವೃತ್ತಿಶಿಕ್ಷಣದ ಪ್ರವೇಶಕ್ಕೆ ತನ್ನ ಆಯ್ಕೆಗಳನ್ನು ದಾಖಲಿಸುವ ಕೊನೆಯ ದಿನವಾಗಿರಬಹುದು. ಕಾಲೇಜಿನ ಕೌಂಟರಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಹೋಯಿತು. ಆ ಕೆಲಸವೆಲ್ಲ ಈಗ ಅಂತರ್ಜಾಲದಲ್ಲಿಯೇ ನಡೆಯಬೇಕು. ಮನೆಯವರು ಮೊದಲು ತಂತಿಯನ್ನು ದೂರುತ್ತಾರೆ, ಅನಂತರ ವಿದ್ಯುತ್ತನ್ನು, ಆ ಬಳಿಕ ಕಂಪನಿಯನ್ನು. ಆದರೆ ತಂತಿಯೂ ನೆಟ್ಟಗಿದೆ, ವಿದ್ಯುತ್ತೂ ಇದೆ, ಪೆಟ್ಟಿಗೆಯ ಯಾವ ಭಾಗವೂ ಸುಟ್ಟಿಲ್ಲ. ಕೆಟ್ಟಿರುವುದು, ನಡುರಾತ್ರಿಯಲ್ಲಿ ಯಾರಿಗೂ ತಿಳಿಯದಂತೆ ಅದರೊಳಕ್ಕೆ ಬಂದು ಸೇರಿದ ಹೊಸ ಆಜ್ಞಾವಳಿ. ಇದನ್ನೇ ನಾವು ಫರ್ಮ್‌ವೇರ್ ಅಪ್‌ಡೇಟ್ ಎಂದು ಕರೆಯುತ್ತೇವೆ. ಒಳ್ಳೆಯದನ್ನು ಮಾಡಬೇಕಾದ ಈ ನವೀಕರಣವು ಕೇಡನ್ನುಂಟುಮಾಡುವುದೇಕೆ? ಇದನ್ನು ತಪ್ಪಿಸಲು ಸಾಧ್ಯವೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಪೆಟ್ಟಿಗೆಯ ಒಳಗೇನಿದೆ?

ರೌಟರು ನಿಜವಾಗಿ ಒಂದು ಸಣ್ಣ ಗಣಕಯಂತ್ರವೇ ಆಗಿದೆ. ಗಣಕದ ಲೋಹ ಮತ್ತು ಸಿಲಿಕಾನಿನ ಭಾಗಗಳಿಗೆ ಹಾರ್ಡ್‌ವೇರ್ ಎಂದೂ, ಬೇಕೆಂದಾಗ ಬದಲಾಯಿಸಬಹುದಾದ ಆಜ್ಞೆಗಳಿಗೆ ಸಾಫ್ಟ್‌ವೇರ್ ಎಂದೂ ಹೆಸರು. ಇವೆರಡರ ನಡುವೆ ನಿಲ್ಲುವ, ಯಂತ್ರದೊಳಗೇ ನೆಲೆಸಿ ಅದನ್ನು ನಡೆಸುವ ಆಜ್ಞಾವಳಿಗೆ ೧೯೬೭ರಲ್ಲಿ ಆಷರ್ ಆಪ್ಲರ್ ಎಂಬ ಅಮೆರಿಕದ ಗಣಕತಜ್ಞರು ಫರ್ಮ್‌ವೇರ್ ಎಂಬ ಹೆಸರನ್ನು ಬಳಕೆಗೆ ತಂದರು. ಅವರ ಮನಸ್ಸಿನಲ್ಲಿದ್ದುದು ಅಂದಿನ ದೊಡ್ಡ ಗಣಕಗಳು. ಇಂದು ಬಟ್ಟೆ ಒಗೆಯುವ ಯಂತ್ರದಿಂದ ಹಿಡಿದು ಉಪಗ್ರಹದವರೆಗೆ ಫರ್ಮ್‌ವೇರ್ ಇಲ್ಲದ ಉಪಕರಣವೇ ಅಪರೂಪ.

ಈ ಆಜ್ಞಾವಳಿಯನ್ನು ವಿದ್ಯುತ್ತು ಹೋದಾಗಲೂ ಮರೆಯದ ಹಾಗೆ ಕಾಪಾಡುವುದು ಫ್ಲ್ಯಾಶ್ ಎಂಬ ಸ್ಮೃತಿಕೋಶ. ಇದರ ಮೂಲತತ್ತ್ವವನ್ನು ಅದೇ ೧೯೬೭ರಲ್ಲಿ ಬೆಲ್ ಪ್ರಯೋಗಶಾಲೆಯ ದಾವೊನ್ ಕಾಂಗ್ ಮತ್ತು ಸೈಮನ್ ಜೀ ಎಂಬ ವಿಜ್ಞಾನಿಗಳು ತೋರಿಸಿದ್ದರು. ಫ್ಲ್ಯಾಶ್ ರೂಪವನ್ನು ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ ಅವರು ೧೯೮೪ರಲ್ಲಿ ಪ್ರಕಟಿಸಿದರು. ಇದರಲ್ಲಿ ಸುತ್ತಲೂ ಅವಾಹಕ ಪದರದಿಂದ ಮುಚ್ಚಿದ ಅತಿ ಸಣ್ಣ ದ್ವೀಪಗಳಿರುತ್ತವೆ. ದ್ವೀಪದಲ್ಲಿ ಎಲೆಕ್ಟ್ರಾನುಗಳು ತುಂಬಿದ್ದರೆ ಅದನ್ನು ಸೊನ್ನೆಯೆಂದೂ, ಖಾಲಿಯಿದ್ದರೆ ಒಂದೆಂದೂ ಓದುವುದು ರೂಢಿ. ದ್ವೀಪದ ಕೆಳಗಿನ ಅವಾಹಕ ಪದರದ ದಪ್ಪ ಸುಮಾರು ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗ. ಸಾಮಾನ್ಯ ನಿಯಮದಂತೆ ಎಲೆಕ್ಟ್ರಾನು ಆ ಗೋಡೆಯನ್ನು ದಾಟಲಾರದು. ಆದರೆ ಬಲವಾದ ವಿದ್ಯುತ್‌ಕ್ಷೇತ್ರವನ್ನು ಒಡ್ಡಿದಾಗ ಕ್ವಾಂಟಮ್ ನಿಯಮಗಳ ಪ್ರಕಾರ ಅದು ಗೋಡೆಯನ್ನು ತೂರಿಕೊಂಡು ಹೋಗುತ್ತದೆ. ಕ್ಷೇತ್ರವನ್ನು ತೆಗೆದರೆ ಒಳಗಿದ್ದುದು ಒಳಗೇ, ಹೊರಗಿದ್ದುದು ಹೊರಗೇ ವರ್ಷಗಟ್ಟಲೆ ಉಳಿಯುತ್ತದೆ.

ಫ್ಲ್ಯಾಶ್ ಸ್ಮೃತಿಗೆ ಒಂದು ವಿಶೇಷವಾದ ಸ್ವಭಾವವಿದೆ. ನಮ್ಮ ಕಷ್ಟಗಳ ಮೊದಲ ಬೇರು ಇದೇ. ಅದರಲ್ಲಿ ಬರೆಯುವುದನ್ನು ಸ್ವಲ್ಪ ಸ್ವಲ್ಪವಾಗಿ ಬರೆಯಬಹುದು. ಅಳಿಸುವುದನ್ನು ಮಾತ್ರ ಇಡಿಯಾಗಿಯೇ ಅಳಿಸಬೇಕು. ಶಾಲೆಯ ಹುಡುಗನೊಬ್ಬನು ಸ್ಲೇಟಿನ ಮೇಲೆ ಬಳಪದಿಂದ ಒಂದೊಂದೇ ಅಕ್ಷರವನ್ನು ಬರೆಯಬಲ್ಲನು. ಆದರೆ ನಡುವಿನ ಒಂದಕ್ಷರವನ್ನು ತಿದ್ದಬೇಕಾದರೆ ಒದ್ದೆ ಬಟ್ಟೆಯಿಂದ ಸ್ಲೇಟನ್ನೆಲ್ಲ ಒರಸಲೇಬೇಕು ಎಂದು ಭಾವಿಸಿ. ಫ್ಲ್ಯಾಶಿನ ಸ್ಥಿತಿ ಇಂಥದೇ. ಅಗ್ಗದ ರೌಟರುಗಳಲ್ಲಿ ಸಾಮಾನ್ಯವಾಗಿ ೮ ಅಥವಾ ೧೬ ಮೆಗಾಬೈಟ್ ಸ್ಮೃತಿಯಿರುತ್ತದೆ. ೧೬ ಮೆಗಾಬೈಟ್ ಎಂದರೆ ೧೩ ಕೋಟಿ ೪೨ ಲಕ್ಷ ದ್ವೀಪಗಳು. ನವೀಕರಣದ ವೇಳೆ ಇವುಗಳ ಬಹುಭಾಗವನ್ನು ಒರಸಿ ಮತ್ತೆ ತುಂಬಬೇಕಾಗುತ್ತದೆ. ಇದಕ್ಕೆ ಕೆಲವು ನಿಮಿಷಗಳು ಹಿಡಿಯುತ್ತವೆ.

ಆ ಕೆಲವು ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಏನಾಗುತ್ತದೆ? ಹಳೆಯದು ಅಳಿದಿದೆ, ಹೊಸದು ಅರ್ಧ ಬರೆದಿದೆ. ಯಂತ್ರಕ್ಕೆ ತಾನು ಯಾರೆಂಬುದೇ ತಿಳಿಯದು. ತಜ್ಞರು ಇದನ್ನು ಇಟ್ಟಿಗೆಯಾಯಿತು ಎನ್ನುತ್ತಾರೆ. ಅದರಿಂದ ಇಟ್ಟಿಗೆಗಿಂತ ಹೆಚ್ಚಿನ ಉಪಯೋಗವಿಲ್ಲವೆಂದು ಭಾವ. ನಮ್ಮ ಸೀಮೆಯ ರೇಷ್ಮೆ ಬೆಳೆಗಾರರಿಗೆ ಈ ಸ್ಥಿತಿಯನ್ನು ವಿವರಿಸಬೇಕಾದುದೇ ಇಲ್ಲ. ಹುಳುವು ಹಳೆಯ ಚರ್ಮವನ್ನು ಕಳಚಿ ಹೊಸದನ್ನು ತೊಡುವ ಕಾಲಕ್ಕೆ ಅವರು ಜ್ವರವೆನ್ನುತ್ತಾರೆ. ನಾಲ್ಕು ಸಲ ಬರುವ ಈ ಜ್ವರದ ಅವಧಿಯಲ್ಲಿ ಅವರು ಸೊಪ್ಪು ಹಾಕುವುದಿಲ್ಲ, ಹುಳುವನ್ನು ಅಲುಗಿಸುವುದಿಲ್ಲ. ನವೀಕರಣದಲ್ಲಿರುವ ರೌಟರೂ ಜ್ವರಕ್ಕೆ ಕೂತ ಹುಳುವಿನಂತೆಯೇ. ವ್ಯತ್ಯಾಸವಿಷ್ಟೆ: ಹುಳು ಜ್ವರಕ್ಕೆ ಕೂತಿರುವುದು ಕಣ್ಣಿಗೆ ಕಾಣುತ್ತದೆ, ರೌಟರು ಕೂತಿರುವುದು ಮನೆಯವರಿಗೂ ತಿಳಿಯದು, ವಿದ್ಯುತ್ತು ಕಡಿಯುವವರಿಗೂ ತಿಳಿಯದು.

ಸರಿಯಾಗಿ ಬರೆದ ತಪ್ಪು

ವಿದ್ಯುತ್ತು ಹೋಗದಿದ್ದರೆ ಎಲ್ಲವೂ ಕ್ಷೇಮವೆ? ಅಲ್ಲ. ಬರೆಹವು ಸರಿಯಾಗಿ ಇಳಿದಿದೆಯೆ ಎಂಬುದನ್ನು ರೌಟರು ಒಂದು ಗಣಿತದ ಮೊತ್ತದಿಂದ ಪರೀಕ್ಷಿಸಿಕೊಳ್ಳುತ್ತದೆ. ಆದರೆ ಈ ಮೊತ್ತವು ನಕಲಿನ ತಪ್ಪನ್ನು ಹಿಡಿಯಬಲ್ಲುದೇ ಹೊರತು ಮೂಲದ ತಪ್ಪನ್ನಲ್ಲ. ಲೆಕ್ಕವನ್ನೇ ತಪ್ಪು ಮಾಡಿ ಅದನ್ನು ಚೆನ್ನಾಗಿ ನಕಲು ಮಾಡಿದರೆ ನಕಲು ಶುದ್ಧವಾಗಿಯೇ ಇರುತ್ತದೆ!

ನಮ್ಮ ಮನೆಯ ರೌಟರು ಒಂದು ನವೀಕರಣದ ಬಳಿಕ ಇಪ್ಪತ್ತು ನಿಮಿಷಕ್ಕೊಮ್ಮೆ ಸಂಪರ್ಕವನ್ನು ಕಡಿದುಕೊಳ್ಳಲಾರಂಭಿಸಿತು. ಕಂಪನಿಯ ಸಹಾಯವಾಣಿಯವರು, ಆರಿಸಿ ಹಚ್ಚಿ ಎಂಬ ಒಂದೇ ಮದ್ದನ್ನು ಮೂರು ವಾರ ಹೇಳಿದರು. ನಾಲ್ಕನೆಯ ವಾರ ಮತ್ತೊಂದು ನವೀಕರಣ ಬಂದಿತು. ರೋಗವು ತಾನಾಗಿ ವಾಸಿಯಾಯಿತು. ಇದರಿಂದ ತಪ್ಪು ಎಲ್ಲಿತ್ತೆಂಬುದು ಸ್ಪಷ್ಟ. ಒಂದೇ ಮಾದರಿಯ ಹೆಸರಿನಲ್ಲಿ ಬೇರೆಬೇರೆ ವರ್ಷಗಳಲ್ಲಿ ಬೇರೆಬೇರೆ ಚಿಪ್ಪುಗಳುಳ್ಳ ರೌಟರುಗಳು ಮಾರಾಟವಾಗುತ್ತವೆ. ಅವು ಸಾವಿರಾರು ಬಗೆಯ ಫೋನುಗಳೊಡನೆ ಮಾತನಾಡಬೇಕು. ಮನೆಯವರು ಹಿಂದೆ ಮಾಡಿಟ್ಟ ಹೊಂದಾಣಿಕೆಗಳನ್ನು ಹೊಸ ಆಜ್ಞಾವಳಿಯು ಅರ್ಥಮಾಡಿಕೊಳ್ಳಬೇಕು. ಕಾರ್ಖಾನೆಯ ಪರೀಕ್ಷಾಲಯದಲ್ಲಿ ಇವೆಲ್ಲವನ್ನೂ ಜೋಡಿಸಿ ನೋಡುವುದು ಸುಲಭವಲ್ಲ.

ದೊಡ್ಡ ಕಂಪನಿಗಳೂ ಇದಕ್ಕೆ ಹೊರತಲ್ಲ. ೨೦೨೩ರ ಮೇ ತಿಂಗಳಲ್ಲಿ ತೈವಾನಿನ ಏಸಸ್ ಕಂಪನಿಯ ರೌಟರುಗಳು ಹಲವು ದೇಶಗಳಲ್ಲಿ ಒಟ್ಟಿಗೇ ಮುಗ್ಗರಿಸಿದವು. ಬಂದುದು ಇಡೀ ಫರ್ಮ್‌ವೇರ್ ಸಹ ಅಲ್ಲ, ರಕ್ಷಣೆಗೆ ಸಂಬಂಧಿಸಿದ ಒಂದು ಸಣ್ಣ ಕಡತ. ಅದರಲ್ಲಿನ ದೋಷದಿಂದ ರೌಟರಿನ ಸ್ಮೃತಿಯು ತುಂಬಿಹೋಗಿ ಸಂಪರ್ಕ ಕಡಿಯತೊಡಗಿತು. ಕಂಪನಿಯು ದೋಷವನ್ನು ಒಪ್ಪಿ ಕ್ಷಮೆ ಕೇಳಿತು.

ಇದಕ್ಕಿಂತ ಬೋಧಪ್ರದವಾದ ನಿದರ್ಶನವು ಮಂಗಳಗ್ರಹದಲ್ಲಿದೆ. ಅಮೆರಿಕದ ವೈಕಿಂಗ್ ೧ ನೌಕೆಯು ೧೯೭೬ರ ಜುಲೈ ೨೦ರಂದು ಅಲ್ಲಿ ಇಳಿದು ಆರು ವರ್ಷಗಳಿಗೂ ಮೀರಿ ಕೆಲಸ ಮಾಡಿತು. ೧೯೮೨ರ ನವೆಂಬರಿನಲ್ಲಿ ಅದರ ಬ್ಯಾಟರಿಗಳ ಆರೋಗ್ಯವನ್ನು ಸುಧಾರಿಸಲೆಂದು ಭೂಮಿಯಿಂದ ಹೊಸ ಆಜ್ಞೆಗಳನ್ನು ಕಳುಹಿಸಲಾಯಿತು. ಆ ಆಜ್ಞೆಗಳು, ಆಂಟೆನಾವನ್ನು ಭೂಮಿಯ ಕಡೆಗೆ ತಿರುಗಿಸಲು ಬೇಕಾದ ಅಂಕಿಗಳಿದ್ದ ಜಾಗದ ಮೇಲೆಯೇ ಬರೆಯಲ್ಪಟ್ಟವು. ನೌಕೆಗೆ ಭೂಮಿ ಎಲ್ಲಿದೆಯೆಂಬುದು ಮರೆತುಹೋಯಿತು. ತಪ್ಪನ್ನು ತಿದ್ದುವ ಆಜ್ಞೆಯನ್ನು ಕಳುಹಿಸೋಣವೆಂದರೆ ಅದನ್ನು ಕೇಳುವ ಕಿವಿಯೇ ಬೇರೆ ಕಡೆಗೆ ತಿರುಗಿತ್ತು. ಮನೆಯ ರೌಟರಿನ ಸಂಕಟವೂ ಇದೇ. ಅಂತರ್ಜಾಲವನ್ನು ತರಬೇಕಾದ ಪೆಟ್ಟಿಗೆಯೇ ಕೆಟ್ಟರೆ, ಅದನ್ನು ಸರಿಪಡಿಸುವ ಆಜ್ಞೆಯು ಯಾವ ದಾರಿಯಿಂದ ಬರಬೇಕು?

ಬೇಡವೆಂದರೆ ಸಾಲದೆ?

ಹಾಗಾದರೆ ನವೀಕರಣವೇ ಬೇಡ, ನಡೆಯುತ್ತಿರುವುದು ನಡೆಯಲಿ ಎಂದು ಕೆಲವರು ಹೇಳುವುದುಂಟು. ಈ ಮಾತಿಗೆ ನಮ್ಮ ರಾಜ್ಯದಲ್ಲಿಯೇ ಉತ್ತರವಿದೆ. ೨೦೧೭ರ ಜುಲೈ ಕೊನೆಯ ವಾರದಲ್ಲಿ ಭಾರತ ಸಂಚಾರ ನಿಗಮದ ಕರ್ನಾಟಕ ವಲಯದ ಬ್ರಾಡ್‌ಬ್ಯಾಂಡ್ ಜಾಲದ ಮೇಲೆ ದುಷ್ಟ ತಂತ್ರಾಂಶವೊಂದು ದಾಳಿ ಮಾಡಿತು. ಸುಮಾರು ೬೦,೦೦೦ ಮೋಡೆಮುಗಳು ಇದಕ್ಕೆ ಸಿಕ್ಕಿದುವೆಂದು ಆಗ ವರದಿಯಾಯಿತು. ಸಿಕ್ಕಿದವುಗಳಲ್ಲಿ ಕಾರ್ಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಗುಪ್ತಪದವೇ ಉಳಿದಿತ್ತು. ಬೀಗವನ್ನು ಹಾಕಿ ಬೀಗದ ಕೈಯನ್ನು ಅದರ ಪಕ್ಕದಲ್ಲಿಯೇ ತೂಗುಹಾಕಿದಂತೆ. ಬ್ರಿಕರ್‌ಬಾಟ್ ಎಂಬ ತಂತ್ರಾಂಶದ ಕರ್ತೃವು ಈ ದಾಳಿ ತನ್ನದೆಂದು ಹೇಳಿಕೊಂಡನು. ಫ್ಲ್ಯಾಶ್ ಸ್ಮೃತಿಯ ಮೇಲೆ ಅರ್ಥವಿಲ್ಲದ ಅಂಕಿಗಳನ್ನು ಗೀಚಿ ಉಪಕರಣವನ್ನು ಇಟ್ಟಿಗೆಯಾಗಿಸುವುದೇ ಆ ತಂತ್ರಾಂಶದ ಕಸುಬು. ಅದಕ್ಕೂ ಮೊದಲು, ೨೦೧೬ರ ನವೆಂಬರಿನಲ್ಲಿ, ಜರ್ಮನಿಯಲ್ಲಿ ಸುಮಾರು ೯ ಲಕ್ಷ ಮನೆಗಳ ರೌಟರುಗಳು ಇಂಥ ಒಂದು ದಾಳಿಯಿಂದ ತತ್ತರಿಸಿದ್ದವು. ಅವುಗಳನ್ನು ಉಳಿಸಿದ್ದು ತುರ್ತಾಗಿ ಸಿದ್ಧಪಡಿಸಿದ ಫರ್ಮ್‌ವೇರ್ ನವೀಕರಣವೇ.

ಆದುದರಿಂದ ಗೃಹಸ್ಥನ ಪಾಡು ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಂತಾಗಿದೆ. ನವೀಕರಿಸಿದರೆ ದೋಷದ ಭಯ. ನವೀಕರಿಸದಿದ್ದರೆ ಕಳ್ಳನ ಭಯ. ಆದರೆ ಈ ಇಕ್ಕಟ್ಟು ಪ್ರಕೃತಿನಿಯಮವಲ್ಲ. ಅದನ್ನು ಬಿಡಿಸುವ ಉಪಾಯವು ತಜ್ಞರಿಗೆ ಬಹುಕಾಲದಿಂದ ತಿಳಿದಿದೆ.

ಎರಡು ಪ್ರತಿಗಳ ಉಪಾಯ

ಉಪಾಯವು ಬಹು ಸರಳ. ಸ್ಮೃತಿಕೋಶವನ್ನು ಎರಡು ಸಮಭಾಗಗಳಾಗಿ ಮಾಡಬೇಕು. ಒಂದರಲ್ಲಿ ಈಗ ನಡೆಯುತ್ತಿರುವ ಫರ್ಮ್‌ವೇರ್ ಇರಲಿ. ಹೊಸದು ಬಂದಾಗ ಅದನ್ನು ಇನ್ನೊಂದರಲ್ಲಿ ಬರೆಯಲಿ. ಬರೆಯುವಾಗ ವಿದ್ಯುತ್ತು ಹೋದರೂ ಹಳೆಯದಕ್ಕೆ ಕುಂದಿಲ್ಲ. ಬರೆದು ಮುಗಿದ ಮೇಲೆ ಯಂತ್ರವು ಹೊಸದರಿಂದ ಎದ್ದು ನೋಡಲಿ. ಇದರ ಜೊತೆಗೆ ಕಾವಲುಗಡಿಯಾರವೊಂದು ಬೇಕು. ಹೊಸ ಆಜ್ಞಾವಳಿಯು ಕೆಲವು ಸೆಕೆಂಡುಗಳಿಗೊಮ್ಮೆ ತಾನು ಎಚ್ಚರವಾಗಿರುವೆನೆಂದು ಈ ಗಡಿಯಾರಕ್ಕೆ ತಿಳಿಸುತ್ತಿರಬೇಕು. ಸುದ್ದಿ ನಿಂತರೆ ಗಡಿಯಾರವು ಯಂತ್ರವನ್ನು ಮತ್ತೆ ಎಬ್ಬಿಸುತ್ತದೆ. ಮೂರು ಸಲ ಎಬ್ಬಿಸಿದರೂ ಕೆಲಸ ನಡೆಯದಿದ್ದರೆ ತಾನಾಗಿಯೇ ಹಳೆಯ ಪ್ರತಿಗೆ ಹಿಂದಿರುಗುತ್ತದೆ. ಎಚ್ಚರವಾಗಿರುವುದು ಮಾತ್ರವೇ ಸಾಲದು. ಹೊರಜಾಲದೊಡನೆ ಮಾತನಾಡಲು ಸಾಧ್ಯವಾದ ಮೇಲೆಯೇ ಹೊಸ ಪ್ರತಿಯನ್ನು ಕಾಯಂ ಮಾಡಬೇಕು. ವೈಕಿಂಗ್ ನೌಕೆಯ ಪಾಠ ಇದೇ ಅಲ್ಲವೆ?

ಎರಡನೆಯ ಎಚ್ಚರಿಕೆಯು ಕಂಪನಿಯ ಕೈಯಲ್ಲಿದೆ. ನಮ್ಮ ರೈತನು ಹೊಸ ತಳಿಯ ರಾಗಿಯನ್ನು ಮೊದಲ ವರ್ಷವೇ ಹೊಲಕ್ಕೆಲ್ಲ ಬಿತ್ತುವುದಿಲ್ಲ. ಒಂದು ಮೂಲೆಯಲ್ಲಿ ಬಿತ್ತಿ ನೋಡುತ್ತಾನೆ. ಹಾಗೆಯೇ ಹೊಸ ಫರ್ಮ್‌ವೇರನ್ನು ಮೊದಲು ನೂರಕ್ಕೆ ಒಂದು ಮನೆಗೆ ಕಳುಹಿಸಿ, ಕೆಲವು ದಿನ ಕಾದು, ಆಮೇಲೆ ಉಳಿದವರಿಗೆ ಕಳುಹಿಸಬೇಕು. ಎರಡು ಪ್ರತಿಗಳ ವ್ಯವಸ್ಥೆಯುಳ್ಳ ರೌಟರುಗಳು ಮಾರುಕಟ್ಟೆಯಲ್ಲಿ ಈಗಾಗಲೇ ಇವೆ. ಅಗ್ಗದವುಗಳಲ್ಲಿ ಅದಿಲ್ಲದಿರುವುದು ಜ್ಞಾನದ ಕೊರತೆಯಿಂದಲ್ಲ, ಸ್ಮೃತಿಯನ್ನು ಇಮ್ಮಡಿ ಮಾಡುವ ಖರ್ಚನ್ನು ಉಳಿಸುವುದಕ್ಕಾಗಿ. ಆ ಉಳಿತಾಯದ ಬೆಲೆಯನ್ನು ತೆರುವವರು ಕೊಂಡವರು.

ಕೊಳ್ಳುವವರು ಕೇಳಬೇಕಾದುದು

ರೌಟರನ್ನು ಕೊಳ್ಳುವಾಗ ನಾವು ಅದರ ವೇಗವನ್ನು ಮಾತ್ರ ಕೇಳುತ್ತೇವೆ. ಇನ್ನು ಮುಂದೆ ಬೇರೆ ಎರಡು ಪ್ರಶ್ನೆಗಳನ್ನು ಕೇಳಬೇಕು: ನವೀಕರಣ ಕೆಟ್ಟರೆ ಇದು ಹಳೆಯ ಪ್ರತಿಗೆ ಹಿಂದಿರುಗುತ್ತದೆಯೆ? ಎಷ್ಟು ವರ್ಷಗಳವರೆಗೆ ನವೀಕರಣಗಳು ಬರುತ್ತವೆ? ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ತಯಾರಕರು ಎರಡನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಬೇಕು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸುಲಭ ಗುಪ್ತಪದವನ್ನಿಟ್ಟು ಮಾರುವಂತಿಲ್ಲ. ನಮ್ಮ ದೇಶದಲ್ಲಿ ಇಂಥ ಉಪಕರಣಗಳ ಭದ್ರತಾ ನಿಯಮಗಳನ್ನು ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ. ಕೊಳ್ಳುವವರ ಪ್ರಶ್ನೆಗಳು ಹೆಚ್ಚಿದಷ್ಟೂ ನಿಯಮಗಳಿಗೆ ಬಲ ಬರುತ್ತದೆ.

ಈಗಾಗಲೇ ಮನೆಯಲ್ಲಿರುವ ರೌಟರಿನ ವಿಷಯದಲ್ಲಿಯೂ ಮಾಡಬಹುದಾದುದು ಸಾಕಷ್ಟಿದೆ. ಕಾರ್ಖಾನೆಯ ಗುಪ್ತಪದವನ್ನು ಇಂದೇ ಬದಲಾಯಿಸಬೇಕು. ರೌಟರಿಗೆಂದೇ ದೊರೆಯುವ ಸಣ್ಣ ಯುಪಿಎಸ್ ಒಂದಿದ್ದರೆ ಬರೆಯುವ ಕೆಲವು ನಿಮಿಷಗಳ ಗಂಡಾಂತರ ಕಳೆಯುತ್ತದೆ. ಹೊಂದಾಣಿಕೆಗಳ ಪ್ರತಿಯೊಂದನ್ನು ಗಣಕದಲ್ಲಿ ಉಳಿಸಿಕೊಂಡು, ಈಗಿನ ಫರ್ಮ್‌ವೇರಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ದೂರು ಕೊಡುವಾಗ ಈ ಸಂಖ್ಯೆಯಷ್ಟು ಉಪಯುಕ್ತವಾದುದು ಬೇರೊಂದಿಲ್ಲ. ನವೀಕರಣದ ವೇಳೆಯನ್ನು ನಾವೇ ಆರಿಸಬಹುದಾದರೆ, ಮುಖ್ಯ ಕೆಲಸದ ಹಿಂದಿನ ರಾತ್ರಿಯನ್ನು ಬಿಟ್ಟು, ತೊಂದರೆಯಾದರೂ ಸರಿಪಡಿಸಿಕೊಳ್ಳಲು ಬಿಡುವಿರುವ ದಿನದ ಹಗಲನ್ನು ಆರಿಸಬೇಕು. ಭದ್ರತೆಗೆ ಸಂಬಂಧಿಸಿದ ನವೀಕರಣವನ್ನು ಮಾತ್ರ ಬಹುದಿನ ಮುಂದೂಡಬಾರದು.

ನದಿಯನ್ನು ನೆಚ್ಚಲಾಗದ ನಮ್ಮ ಬಯಲುಸೀಮೆಯಲ್ಲಿ, ಹೊಸ ಕೊಳವೆಬಾವಿಯಲ್ಲಿ ನೀರು ಕಾಣುವ ಮೊದಲೇ ಹಳೆಯ ಬಾವಿಯನ್ನು ಮುಚ್ಚುವ ಅವಿವೇಕಿ ಯಾರೂ ಇಲ್ಲ. ಮನೆಯ ವಿದ್ಯೆ, ವ್ಯಾಪಾರ, ವ್ಯವಹಾರಗಳೆಲ್ಲ ಒಂದು ಪುಟ್ಟ ಪೆಟ್ಟಿಗೆಯ ಮೇಲೆ ನಿಂತಿರುವಾಗ, ಅದನ್ನು ತಯಾರಿಸುವವರಿಂದ ಅಷ್ಟೇ ವಿವೇಕವನ್ನು ನಿರೀಕ್ಷಿಸುವುದು ಹೆಚ್ಚಿನದೇನೂ ಅಲ್ಲ.