ಕಾನಿಗೆ ಹೋಗುವ ದನಕ್ಕೆ ಸಂವೇದಕ ಕಟ್ಟಿದರೆ

ಸೊರಬ ತಾಲ್ಲೂಕಿನ ಜಡೆ ಸುತ್ತಿನ ಕೊಟ್ಟಿಗೆಗಳಲ್ಲಿ ಎರಡು ಬಗೆಯ ಹಸುಗಳು ಅಕ್ಕಪಕ್ಕ ನಿಂತಿರುವುದುಂಟು. ಡೇರಿಗೆ ಹಾಲು ಹಾಕಲೆಂದು ಸಾಕಿದ ಎಚ್‌ಎಫ್ ಅಥವಾ ಜರ್ಸಿ ಮಿಶ್ರತಳಿ ಕಟ್ಟಿದ ಜಾಗದಲ್ಲೇ ಹುಲ್ಲು, ಹಿಂಡಿ ತಿನ್ನುತ್ತದೆ. ನಾಟಿ ತಳಿಯಾದ ಮಲೆನಾಡು ಗಿಡ್ಡ ಹಾಗಲ್ಲ. ಹಗ್ಗ ಬಿಚ್ಚಿದ್ದೇ ತಡ, ಬ್ಯಾಣವೆಂಬ ಹುಲ್ಲುಗಾವಲು ದಾಟಿ ಕಾನು, ಅಂದರೆ ದಟ್ಟ ಕಾಡು, ಸೇರುತ್ತದೆ. ತಿರುಗಿ ಬರುವುದು ಸಂಜೆಗೆ. ಎರಡಕ್ಕೂ ಒಂದೇ ಚಲನ ಸಂವೇದಕ ಕಟ್ಟಿದರೆ ಅದು ಎರಡರ ನಡವಳಿಕೆಯನ್ನೂ ಸರಿಯಾಗಿ ಓದೀತೇ?

ಈ ಸಂವೇದಕವನ್ನು ಕೊರಳಪಟ್ಟಿಯಾಗಿ ಕಟ್ಟುವುದುಂಟು. ಅದರೊಳಗೆ ಇರುವುದು ವೇಗೋತ್ಕರ್ಷಮಾಪಕ (ಆಕ್ಸಿಲರೋಮೀಟರ್). ನಮ್ಮ ಮೊಬೈಲಿನಲ್ಲೂ ಇಂಥದ್ದೇ ಒಂದಿದೆ. ಚಾಲಕ ಬ್ರೇಕ್ ಒತ್ತಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುತ್ತಾರಲ್ಲ, ಹಾಗೆಯೇ ಚಿಪ್‌ನೊಳಗಿನ ಕೂದಲೆಳೆಯಷ್ಟು ಸಣ್ಣ ಸಿಲಿಕಾನ್ ತುಣುಕು ಹಸು ಅಲುಗಿದಾಗಲೆಲ್ಲ ವಾಲುತ್ತದೆ. ಆ ವಾಲಿಕೆ ವಿದ್ಯುತ್ ಸಂಕೇತವಾಗುತ್ತದೆ. ಮೂರು ದಿಕ್ಕುಗಳಲ್ಲಿ, ಸೆಕೆಂಡಿಗೆ ಹತ್ತು ಸಲ ಅಳೆದರೂ ಒಂದು ಹಸುವಿನಿಂದ ದಿನಕ್ಕೆ 25,92,000 ಅಂಕಿಗಳು!

ಅಂಕಿಗಳಿಗೆ ಅರ್ಥ ಬರುವುದು ಮನುಷ್ಯರ ಕಣ್ಣಿನಿಂದ. ಸಂಶೋಧಕರು ಹಸುವನ್ನು ಗಂಟೆಗಟ್ಟಲೆ ನೋಡಿ, ವಿಡಿಯೊ ಮಾಡಿ, ಈ ಹೊತ್ತಿನಲ್ಲಿ ಮೇಯುತ್ತಿತ್ತು, ಈಗ ಮೆಲುಕು ಹಾಕಿತು, ಮಲಗಿತು ಎಂದು ಗುರುತು ಹಾಕುತ್ತಾರೆ. ಆ ಗುರುತು ಮತ್ತು ಅಂಕಿಗಳನ್ನು ಜೋಡಿಸಿಕೊಟ್ಟಾಗ ಕಂಪ್ಯೂಟರ್ ಕಲಿಯುತ್ತದೆ. ಮೆಲುಕಿನಲ್ಲಿ ದವಡೆ ಒಂದೇ ಲಯದಲ್ಲಿ ಆಡುತ್ತದೆ. ಮೇಯುವಾಗ ತಲೆ ತಗ್ಗಿರುತ್ತದೆ, ಹುಲ್ಲು ಕೀಳುವ ಜಗ್ಗಾಟವಿರುತ್ತದೆ. ಆರೋಗ್ಯವಂತ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಅದು ತಟ್ಟನೆ ಇಳಿದರೆ ಕಾಯಿಲೆ ಇರಬಹುದು, ಕರು ಹಾಕುವ ಹೊತ್ತು ಹತ್ತಿರವಾಗಿರಬಹುದು.

ರೈತರಿಗೆ ಎಲ್ಲಕ್ಕಿಂತ ಬೇಕಾದ ಸುದ್ದಿ ಬೆದೆಯದು. ಬೆದೆಗೆ ಬಂದ ಹಸು ನಿಂತಲ್ಲಿ ನಿಲ್ಲುವುದಿಲ್ಲ. ಹೆಜ್ಜೆ ಎಣಿಸುವ ಸಾಧನದಿಂದ ಇದನ್ನು ಹಿಡಿಯಬಹುದೆಂದು ಅಮೆರಿಕದಲ್ಲಿ 1954ರಲ್ಲೇ ಪ್ರಕಟವಾಗಿತ್ತು. ಬೆದೆ ಇರುವುದು ಒಂದು ದಿನಕ್ಕಿಂತ ಕಡಿಮೆ, ಹಲವು ಸಲ ನಡುರಾತ್ರಿಯಲ್ಲಿ. ತಪ್ಪಿಸಿಕೊಂಡರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟೂ ದಿನದ ಮೇವಿನ ಖರ್ಚು ಮನೆಯವರದೇ. 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಟೆಲ್ಲಾಪ್ಸ್ ಕಂಪನಿ ಹಸುವಿನ ಕಾಲಿಗೆ ಕಟ್ಟುವ 'ಮೂಆನ್' ಎಂಬ ಸಾಧನ ರೂಪಿಸಿದ್ದು ಇಂಥ ಸುಳಿವುಗಳಿಗಾಗಿಯೇ.

ಕೊಟ್ಟಿಗೆಯ ಎಚ್‌ಎಫ್‌ಗೆ ಇದು ಹೊಂದುತ್ತದೆ. ದಿನವಿಡೀ ಕಟ್ಟಿದಲ್ಲೇ ಇರುವ ಹಸು ರಾತ್ರಿ ಚಡಪಡಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಗಿಡ್ಡದ ವಿಷಯ ಬೇರೆ. ದಿನವೂ ನಡೆಯುವ ಪ್ರಾಣಿಯಲ್ಲಿ ಹೆಚ್ಚುವರಿ ನಡಿಗೆಯನ್ನು ಬೇರ್ಪಡಿಸುವುದು ಕಷ್ಟ. ಅದು ಹುಲ್ಲನ್ನಷ್ಟೇ ಮೇಯದೆ ಕೊರಳೆತ್ತಿ ಪೊದೆಯ ಸೊಪ್ಪಿಗೂ ಬಾಯಿ ಹಾಕುತ್ತದೆ. ತಲೆ ತಗ್ಗಿದರೆ ಮಾತ್ರ ಮೇವು ಎಂದು ಕಲಿತ ಯಂತ್ರ ಅದನ್ನು ಉಪವಾಸವೆಂದು ತಿಳಿದೀತು. ಎಮ್ಮೆಯದಂತೂ ಹಲವು ಬಾರಿ ಮೂಕಬೆದೆ, ಹೊರಗೆ ಏನೂ ತೋರದು. ಹೀಗಾಗಿ ನಮ್ಮ ದನಗಳನ್ನು ನಮ್ಮ ಕಾನಿನಲ್ಲೇ ನೋಡಿ ಗುರುತು ಹಾಕುವ ಕೆಲಸ ಆಗಲೇಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ದನದ ನಡೆ ಬಲ್ಲವರು ಊರೂರಿನಲ್ಲಿದ್ದಾರೆ.

ಕೆಲವೇ ಲೀಟರ್ ಹಾಲು ಕೊಡುವ ಗಿಡ್ಡಕ್ಕೆ ದುಬಾರಿ ಪಟ್ಟಿ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಎಲ್ಲಕ್ಕೂ ಬೇಡ, ಮಂದೆಯ ಮುಂದಾಳು ಹಸುವೊಂದಕ್ಕೆ ಜಿಪಿಎಸ್ ಸಮೇತ ಕಟ್ಟಿದರೂ ಮಂದೆ ಎಲ್ಲಿ ಮೇಯುತ್ತದೆಂದು ತಿಳಿದೀತು. ಸೊರಬಕ್ಕೆ ಇದು ಸಣ್ಣ ಮಾತಲ್ಲ. ಉಣುಗಿನಿಂದ ಹರಡುವ ವೈರಾಣು ರೋಗವಾದ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ದನಗಳು ಆ ವೈರಾಣುವನ್ನು ಹೆಚ್ಚಿಸುವುದಿಲ್ಲವಾದರೂ ಬೆಳೆದ ಉಣುಗುಗಳಿಗೆ ರಕ್ತ ಒದಗಿಸಿ ಅವುಗಳ ಸಂತತಿ ಬೆಳೆಸುತ್ತವೆ. ಮಂದೆ ಕಾನಿನ ಯಾವ ಅಂಚಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಎಲ್ಲಿ ಮಲಗಿ ಮೆಲುಕು ಹಾಕುತ್ತದೆ ಎಂಬ ನಕ್ಷೆ ಸಿಕ್ಕರೆ, ಉಣುಗು ಹುಡುಕುವವರು ಎಲ್ಲಿಂದ ಶುರು ಮಾಡಬೇಕೆಂಬುದಕ್ಕೆ ಒಂದು ಆಧಾರವಾದರೂ ಇರುತ್ತದೆ.