ವಾರಾಂತ್ಯದ ಆಟ, 14 ತಿಂಗಳ ಹುಡುಕಾಟ

ಚೌಕಾಬಾರಕ್ಕೆ ಹಲಗೆ ಬೇಕಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ 25 ಮನೆ ಬರೆದು ನಾಲ್ಕು ಕವಡೆ ತಂದರೆ ಆಟ ಶುರು. ಅದರ ನಿಯಮ ಮಾಡಿದವರು ಯಾರೆಂದು ನಾವು ಕೇಳುವುದಿಲ್ಲ. ಆದರೆ ಕಂಪ್ಯೂಟರ್ ಪರದೆಯ ಒಂದು ಚೌಕದಾಟ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅದರ ಹೆಸರು '2048'.

ಸ್ವತಃ ಒಂದು ಆಟವನ್ನು ಬರೆಯಲು ತನ್ನಿಂದಾದೀತೇ ಎಂದು ನೋಡುವ ಕುತೂಹಲ ಇಟಲಿಯ 19 ವರ್ಷದ ಗೇಬ್ರಿಯೆಲೆ ಚಿರುಲ್ಲಿಗೆ. ಒಂದು ವಾರಾಂತ್ಯದಲ್ಲಿ ಬರೆದು ಮುಗಿಸಿ 2014ರ ಮಾರ್ಚ್‌ನಲ್ಲಿ ಅಂತರಜಾಲದಲ್ಲಿ ಉಚಿತವಾಗಿ ಇಟ್ಟ. ಒಂದು ವಾರ ತುಂಬುವ ಮೊದಲೇ 40 ಲಕ್ಷಕ್ಕೂ ಹೆಚ್ಚು ಭೇಟಿಗಳಾದವು!

ಇಂಥ ಬ್ರೌಸರ್ ಆಟಕ್ಕೆ ಮೂರು ಅಂಗಗಳು. ಎಚ್‌ಟಿಎಂಎಲ್ ಮನೆಗಳನ್ನು ಹಾಕುತ್ತದೆ, ಸಿಎಸ್‌ಎಸ್ ಬಣ್ಣ ಮತ್ತು ಅಳತೆ ಕೊಡುತ್ತದೆ, ಜಾವಾಸ್ಕ್ರಿಪ್ಟ್ ನಿಯಮ ನಡೆಸುತ್ತದೆ. '2048'ರಲ್ಲಿ ಇರುವುದು 16 ಮನೆ. ಬಾಣದ ಗುರುತಿನ ಕೀಲಿ ಒತ್ತಿದರೆ ಅಂಕಿಯ ಬಿಲ್ಲೆಗಳೆಲ್ಲ ಆ ದಿಕ್ಕಿಗೆ ಜಾರುತ್ತವೆ. ಒಂದೇ ಅಂಕಿಯ ಎರಡು ಬಿಲ್ಲೆಗಳು ತಾಗಿದರೆ ಕೂಡಿ ಒಂದಾಗುತ್ತವೆ. ಪ್ರತಿ ನಡೆಯ ಬಳಿಕ ಖಾಲಿ ಮನೆಯೊಂದರಲ್ಲಿ ಹೊಸ ಬಿಲ್ಲೆ ಬರುತ್ತದೆ. ಅದು ಹತ್ತರಲ್ಲಿ ಒಂಬತ್ತು ಪಾಲು 2, ಒಂದು ಪಾಲು 4. ಹೀಗೆ ಇಮ್ಮಡಿಯಾಗುತ್ತ 2048 ಬಂದರೆ ಗೆಲುವು. ಮನೆಗಳು ತುಂಬಿ, ಕೂಡುವ ಜೋಡಿ ಎಲ್ಲೂ ಉಳಿಯದಿದ್ದರೆ ಸೋಲು.

ಹೇಳಲು ಸುಲಭ, ಬರೆಯಲು ಕುಳಿತಾಗ ತೊಡಕು. ಒಂದು ಸಾಲಿನಲ್ಲಿ ನಾಲ್ಕು 2 ಇವೆ ಎನ್ನಿ. ಎಡಕ್ಕೆ ತಳ್ಳಿದರೆ ಎರಡು 4 ಬರಬೇಕು, ಒಂದು 8 ಬರಕೂಡದು. ಒಮ್ಮೆ ಕೂಡಿದ ಬಿಲ್ಲೆ ಅದೇ ನಡೆಯಲ್ಲಿ ಮತ್ತೆ ಕೂಡಬಾರದು. ಯಂತ್ರಕ್ಕೆ ಇದನ್ನು ಬಿಡಿಸಿಯೇ ಹೇಳಬೇಕು. ಕಲಿಯುವವರಿಗೆ ಈ ಆಟ ಒಳ್ಳೆಯ ಪಾಠವಾಗಿರುವುದು ಇದರಿಂದಲೇ.

ಆದರೆ ಆಟದ ಕಲ್ಪನೆ ಚಿರುಲ್ಲಿಯದಲ್ಲ. ಆತ ಆಧರಿಸಿದ್ದು '1024' ಎಂಬ ಆಟವನ್ನು. ಅದಕ್ಕೂ ಮೊದಲು, 2014ರ ಫೆಬ್ರುವರಿಯಲ್ಲಿ, ಹಣ ಕೊಟ್ಟು ಕೊಳ್ಳಬೇಕಿದ್ದ 'ಥ್ರೀಸ್' ಬಂದಿತ್ತು. ಆಶರ್ ವೋಲ್ಮರ್ ಮತ್ತು ಗ್ರೆಗ್ ವೋಲ್‌ವೆಂಡ್ ಅದಕ್ಕಾಗಿ ಸುಮಾರು 14 ತಿಂಗಳು ದುಡಿದಿದ್ದರು. ಎಷ್ಟೋ ನಿಯಮಗಳನ್ನು ಸೇರಿಸಿ, ಆಡಿ ನೋಡಿ, ಕಿತ್ತುಹಾಕಿದ್ದರು. ಕೊನೆಗೆ ಕೆಲವರು 'ಥ್ರೀಸ್' ಆಟವನ್ನೇ '2048'ರ ನಕಲು ಎಂದಾಗ ಅವರಿಗಾದ ನೋವು ಅಷ್ಟಿಷ್ಟಲ್ಲ. ತಮ್ಮ ನಡುವಿನ ಪತ್ರವ್ಯವಹಾರವನ್ನೇ ಬಹಿರಂಗಪಡಿಸಿ ತಮ್ಮ ಶ್ರಮವನ್ನು ಜನರ ಮುಂದಿಟ್ಟರು.

ಕಾನೂನು ಏನನ್ನುತ್ತದೆ? ಸಾಮಾನ್ಯವಾಗಿ ಕೃತಿಸ್ವಾಮ್ಯ ಬರೆದ ಕೋಡ್, ಚಿತ್ರ, ಸಂಗೀತಗಳನ್ನು ಕಾಯುತ್ತದೆಯೇ ಹೊರತು ಆಟದ ನಿಯಮವನ್ನಲ್ಲ. ಚಿರುಲ್ಲಿ ತನ್ನ ಕೋಡನ್ನೂ ಎಲ್ಲರಿಗೂ ತೆರೆದಿಟ್ಟ, ಆಟಕ್ಕೆ ಆಧಾರ ಯಾವುದೆಂಬುದನ್ನೂ ಹೇಳಿದ.

ಇನ್ನೊಬ್ಬರ ಆಟವನ್ನು ಮರಳಿ ಬರೆದು ಕಲಿಯುವುದು ತಪ್ಪಲ್ಲ. ಕಲಿಕೆ ನಡೆಯುವುದೇ ಹಾಗೆ. ಆದರೆ ಚೌಕಾಬಾರದ ಕರ್ತೃ ನಮಗೆ ಗೊತ್ತಿಲ್ಲ, 'ಥ್ರೀಸ್' ಕರ್ತೃಗಳು ಗೊತ್ತು. ಗೊತ್ತಿರುವಾಗ ಪುಟದ ಕೊನೆಗೆ ಅವರ ಹೆಸರಿನ ಒಂದು ಸಾಲು ಸೇರಿಸಲು ಎಷ್ಟು ಹೊತ್ತು ಬೇಕು?